ಅಂಗಿ ಕಳಚಿದ ಗುಳಿಗೆಗಳು

ಮೊನ್ನೆ ಬೆಳಿಗ್ಗೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ನನ್ನ ಮುಂದೆ ಸ್ಟೀಲಿನ ಡಬ್ಬಿ ಹಿಡಿದಳು. ಒಳಗೆ ಶೇಂಗಾ ಉಂಡೆ. ಅವಳಿಗೆ ಹೊಸ ಕೆಲಸ ಸಿಕ್ಕಿತ್ತಂತೆ, ಅದಕ್ಕೆ ಎಲ್ಲರಿಗೂ ಸಿಹಿ. ನಾನು ಕೈ ಅಡ್ಡ ಹಿಡಿದು ಬೇಡ ಎಂದೆ. ‘ಶುಗರ್ ಹೈ ಕ್ಯಾ, ಆಂಟಿ?’ ಎಂದು ಮರುಕದಿಂದ ಕೇಳಿದಳು. ಹೌದೆಂದು ತಲೆಯಾಡಿಸಿದೆ. ನನಗೆ ಶುಗರ್ ಇಲ್ಲ. ಆದರೆ ಈ ಊರಿನಲ್ಲಿ ಶುಗರ್ ಎಂದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ, ತಮಗೂ ಇದೆ ಎಂದು ಹೇಳಿ ಸುಮ್ಮನಾಗುತ್ತಾರೆ.

ವಿಜಯಪುರದ ಕಡೆಯ ಹೆಂಗಸು ಶೇಂಗಾ ಉಂಡೆ ಬೇಡವೆನ್ನುವುದಕ್ಕೆ ಗಟ್ಟಿ ಕಾರಣವೇ ಬೇಕು. ನನ್ನ ಹತ್ತಿರ ಅಂಥದೊಂದು ಇದೆ. ಹೇಳಬೇಕೆಂದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು. ನೇರವಾಗಿ ಹೇಳುವ ಚೈತನ್ಯ ನನ್ನಲ್ಲಿ ಮೊದಲೂ ಇರಲಿಲ್ಲ, ಈಗಂತೂ ಇಲ್ಲ. ನಿಮಗೆ ಕೂರಲು ಜಾಗ ಸಿಕ್ಕಿದ್ದರೆ ಕೇಳಿ.

ನಾನು ಕಾಂದಿವಲಿಯಿಂದ ವಿಲೆ ಪಾರ್ಲೆಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೋಗಿ ಬರುತ್ತಿದ್ದೇನೆ. ಪಾರ್ಲೆಯ ಒಂದು ಕಾಲೇಜಿನ ಕಚೇರಿಯಲ್ಲಿ ಸಣ್ಣ ಕಿಟಕಿಯ ಹಿಂದೆ ನನ್ನ ಕುರ್ಚಿ. ಬೋನಾಫೈಡ್ ಸರ್ಟಿಫಿಕೇಟು, ರೈಲ್ವೆ ಕನ್ಸೆಶನ್ನಿನ ಫಾರ್ಮು, ಕಳೆದುಹೋದ ಐಡಿ ಕಾರ್ಡು, ಇವೇ ನನ್ನ ಸಾಮ್ರಾಜ್ಯ. ಕಿಟಕಿಯಾಚೆಯಿಂದ ದಿನಕ್ಕೆ ನೂರು ಕೈಗಳು ಒಳಬರುತ್ತವೆ, ಮುಖಗಳು ಕಾಣುವುದು ಕಡಿಮೆ. ನಾನು ಸಿಡುಕಿ ಎಂದು ಹುಡುಗ ಹುಡುಗಿಯರಲ್ಲಿ ಹೆಸರಿತ್ತು, ಅದನ್ನು ಉಳಿಸಿಕೊಂಡು ಬಂದಿದ್ದೆ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಆ ಕಿಟಕಿಗೆ ನಾನು ತಲುಪಲಿಲ್ಲ. ರೈಲು ತಪ್ಪಿರಲಿಲ್ಲ, ಸೀಟೂ ಸಿಕ್ಕಿತ್ತು. ನಿಮಗೆ ಗೊತ್ತಲ್ಲ, ನಮ್ಮ ಲೋಕಲ್ಲಿನಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಪಾರ್ಲೆಯಲ್ಲಿ ಇಳಿಯುವವರು ಅಂಧೇರಿಯಲ್ಲೇ ಎದ್ದು, ಮುಂದಿನವಳ ಬೆನ್ನು ತಟ್ಟಿ ‘ಪಾರ್ಲಾ?’ ಎಂದು ಕೇಳಿ, ಸಾಲಿನಲ್ಲಿ ಸೇರಿಕೊಳ್ಳಬೇಕು. ಅಂದು ಅಂಧೇರಿ ಬಂತು. ಏಳಬೇಕು ಎಂದುಕೊಂಡೆ. ಕಾಲು ಇದ್ದವು, ಚಪ್ಪಲಿ ಇದ್ದವು, ತೊಡೆಯ ಮೇಲೆ ಚೀಲವೂ ಇತ್ತು. ಏಳುವವಳು ಮಾತ್ರ ಇರಲಿಲ್ಲ. ಪಾರ್ಲೆ ಬಂತು, ಹೋಯಿತು. ಚರ್ಚ್‌ಗೇಟಿನ ತನಕ ಹೋಗಿ ಅದೇ ರೈಲಿನಲ್ಲಿ, ಅದೇ ಸೀಟಿನಲ್ಲಿ, ಕಾಂದಿವಲಿಗೆ ಮರಳಿದೆ. ಕೊನೆಯ ಸ್ಟೇಷನ್ನಿನಲ್ಲಿ ಹತ್ತಿದವರು ನನ್ನ ಕಿಟಕಿ ಸೀಟು ನೋಡಿ ಹೊಟ್ಟೆಕಿಚ್ಚು ಪಟ್ಟರು.

ಅದೇ ವಾರ ಇನ್ನೂ ಎರಡು ಸಲ ಹೀಗಾಯಿತು. ಮೂರನೆಯ ಸಲ ಕಾಲೇಜಿನವರು ನನ್ನ ಯಜಮಾನರಿಗೆ ಫೋನು ಮಾಡಿದರು. ಅವರು ಮಾತು ಕಡಿಮೆಯ ಮನುಷ್ಯ. ಮನೆಗೆ ಬಂದು ನನ್ನ ಎದುರಿಗೆ ಕೂತು, ಬಹಳ ಹೊತ್ತು ಫ್ಯಾನು ನೋಡಿ, ಡಾಕ್ಟರ ಕಡೆ ಹೋಗೋಣ ನಡೆ ಎಂದರು. ಮಾಮೂಲಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಡಿ ವಿಟಮಿನ್ ಕಡಿಮೆ, ಬಿ ಹನ್ನೆರಡು ಕಡಿಮೆ. ನಾನು ಸಂತೋಷಪಟ್ಟೆ. ಕೊರತೆಯಿದ್ದರೆ ತುಂಬಿಸಿದರಾಯಿತಲ್ಲ! ಆದರೆ ಆ ಡಾಕ್ಟರು ಚೀಟಿಯ ಹಿಂಬದಿಗೆ ಮಲಾಡಿನ ಇನ್ನೊಬ್ಬ ಡಾಕ್ಟರಮ್ಮನ ಹೆಸರು ಬರೆದು, ಇವರನ್ನೂ ಕಾಣಿ, ತಡ ಮಾಡಬೇಡಿ ಎಂದರು.

ಮಲಾಡಿನ ಡಾಕ್ಟರಮ್ಮ ಮನೋವೈದ್ಯೆ. ನನಗಿಂತ ಚಿಕ್ಕವರು, ಮರಾಠಿ ಮಿಶ್ರಿತ ಹಿಂದಿ, ನಮ್ಮ ಕಾಲೇಜಿನ ಕಿಟಕಿಯಲ್ಲಿ ಕಂಡಿದ್ದರೆ ಗದರಿಸಿಯೇ ಬಿಡುತ್ತಿದ್ದೆನೇನೋ. ನಿದ್ದೆ, ಊಟ, ಅಳು, ಸಾಯುವ ಯೋಚನೆ, ಎಲ್ಲವನ್ನೂ ರೇಷನ್ ಕಾರ್ಡಿನ ವಿವರ ಕೇಳಿದ ಹಾಗೆ ಕೇಳಿದರು. ಆ ನಿರ್ಲಿಪ್ತತೆಯೇ ನನಗೆ ಸಮಾಧಾನ ಕೊಟ್ಟಿತು. ಕೊನೆಗೆ, ಇದು ಡಿಪ್ರೆಶನ್, ಜೊತೆಗೆ ಗಾಬರಿಯೂ ಇದೆ, ವಾಸಿಯಾಗುತ್ತದೆ, ಆದರೆ ನಿಧಾನವಾಗಿ ಎಂದರು. ಒಂದು ಕ್ಯಾಪ್ಸೂಲು ಬರೆದರು. ಅರ್ಧ ನೀಲಿ, ಅರ್ಧ ಬಿಳಿ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ, ಇಡಿಯಾಗಿ ನುಂಗಬೇಕು. ‘ಪೂರಾ ನಿಗಲ್ನಾ ಹೈ’ ಎಂದು ಎರಡು ಸಲ ಹೇಳಿದರು. ನಾನು ಒಂದು ಸಲವೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಅತ್ತೆಗೆ ಏನು ಹೇಳುವುದು?

ಅತ್ತೆಯ ಬಗ್ಗೆ ಈಗ ಹೇಳಬೇಕು. ಮಾವನವರು ತೀರಿಕೊಂಡ ಮೇಲೆ ಅವರು ವಿಜಯಪುರ ಬಿಟ್ಟು ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತು ದಾಟಿದ ಜೀವ, ನನಗಿಂತ ಚುರುಕು. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ನೀರೂ ಕುಡಿಯುವುದಿಲ್ಲ. ಬೇಕರಿಯ ಬಿಸ್ಕತ್ತು ಮನೆಗೆ ಬಂದರೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ಮೊಮ್ಮಗಳಿಂದ ಮೂರು ಸಲ ಓದಿಸುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಫೋನು ಹಿಡಿದು ಕೂತರೆ ಸಿಂದಗಿಯಿಂದ ಜಮಖಂಡಿಯವರೆಗಿನ ನೆಂಟರ ಮನೆಗಳನ್ನೆಲ್ಲ ಒಂದು ಸುತ್ತು ಹೊಡೆದು ಬರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಏನಾಯಿತೆಂಬುದು ಹೀಗೆಯೇ ಜಿಲ್ಲೆಗೆಲ್ಲ ತಿಳಿಯುತ್ತದೆ. ಡಾಕ್ಟರಮ್ಮನ ಮೆಟ್ಟಿಲಿಳಿಯುವಾಗಲೇ ಯಜಮಾನರು, ಅವ್ವನಿಗೆ ಮಾತ್ರ ಹೇಳಬೇಡ ಎಂದರು. ಅವರು ಹೇಳದಿದ್ದರೂ ನಾನು ಹೇಳುತ್ತಿರಲಿಲ್ಲ. ನಾಳೆ ಮಗಳ ಮದುವೆಯ ಮಾತು ಬಂದಾಗ, ಆ ಹುಡುಗಿಯ ತಾಯಿಗೆ ತಲೆ ಸರಿಯಿಲ್ಲವಂತೆ ಎಂದು ಯಾರೋ ಜಮಖಂಡಿಯಲ್ಲಿ ಕೂತು ಹೇಳುವುದು ನನ್ನ ಕಿವಿಗೆ ಆಗಲೇ ಕೇಳಿಸಿಬಿಟ್ಟಿತ್ತು. ಮಗಳು ಮೇಘಾಗೆ ಆಗ ಹದಿನೈದು.

ಹಾಗಾಗಿ ವಿಟಮಿನ್ ಎಂದೆ. ಅರ್ಧ ಸತ್ಯ. ವಿಟಮಿನ್ನೂ ಬರೆದಿದ್ದರಲ್ಲ. ಅತ್ತೆ ಕ್ಯಾಪ್ಸೂಲಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಶಕ್ತಿಯ ಗುಳಿಗೆಗೆ ಬಣ್ಣ ಚೆನ್ನಾಗಿದೆ ಎಂದು ಮೆಚ್ಚಿಕೊಂಡರು.

ನಮ್ಮಲ್ಲಿ ಔಷಧಿಯ ವಿಷಯದಲ್ಲಿ ಒಂದು ಪರಂಪರೆಯೇ ಇದೆ ನೋಡಿ. ನಾನು ಚಿಕ್ಕವಳಿದ್ದಾಗ ಊರಿನ ಕಂಪೌಂಡರು ಔಷಧಿಯ ಪುಡಿಯನ್ನು ಕಾಗದದಲ್ಲಿ ಮಡಿಚಿ ಕೊಡುತ್ತಿದ್ದರು. ನಮ್ಮಮ್ಮ ಅದನ್ನು ಬೆಲ್ಲದ ಹೊಟ್ಟೆಯಲ್ಲಿಟ್ಟು, ತುಪ್ಪ ಸವರಿ, ಬಾಯಿಗೆ ತುರುಕುತ್ತಿದ್ದಳು. ಜಂತುಹುಳದ ಮಾತ್ರೆ ಬಾಳೆಹಣ್ಣಿನಲ್ಲಿ, ಮಲೇರಿಯಾದ ಕಹಿ ಗುಳಿಗೆ ಬೆಲ್ಲ ತುಪ್ಪದ ಮುಟಿಗೆಯಲ್ಲಿ. ಮುಟಿಗೆ ಎಂದರೆ ರೊಟ್ಟಿಯನ್ನು ಪುಡಿ ಮಾಡಿ ಮುಷ್ಟಿಯಲ್ಲಿ ಹಿಡಿದು ಕಟ್ಟಿದ್ದು. ಕಹಿಯನ್ನು ಕಹಿಯಾಗಿಯೇ ತಿನ್ನುವುದು ಅನಾಥರ ಲಕ್ಷಣ ಎಂಬಂತಿತ್ತು ನಮ್ಮ ಮನೆಯ ನಂಬಿಕೆ. ಜ್ವರ ಬಂದರೆ ಮನೆಯ ಹೆಂಗಸರಿಗೆಲ್ಲ ಸಿಹಿ ಮಾಡಲು ಒಂದು ನೆಪ. ನನಗೆ ಆ ಜ್ವರಗಳು ಈಗಲೂ ಬೆಲ್ಲದ ರುಚಿಯಲ್ಲೇ ನೆನಪಿವೆ.

ಮೊದಲ ತಿಂಗಳು ಕ್ಯಾಪ್ಸೂಲನ್ನು ಇಡಿಯಾಗಿಯೇ ನುಂಗಿದೆ. ಡಾಕ್ಟರಮ್ಮ ಹೇಳಿದ ಉಳಿದ ಪಥ್ಯಗಳನ್ನೂ ಮಾಡಿದೆ. ಚಹಾ ಕಡಿಮೆ ಮಾಡು ಎಂದಿದ್ದರು, ಆರರಿಂದ ಮೂರಕ್ಕೆ ಇಳಿಸಿದೆ, ಮೂರೂ ದೊಡ್ಡ ಕಪ್ಪು. ಬಿಸಿಲಿಗೆ ಹೋಗು ಎಂದರು. ನಮ್ಮ ಬಿಲ್ಡಿಂಗಿನ ಎರಡೂ ಕಡೆ ಟವರುಗಳು ಎದ್ದಿವೆ, ನಮ್ಮ ಬಾಲ್ಕನಿಗೆ ಸೂರ್ಯ ಬರುವುದು ಬೆಳಿಗ್ಗೆ ಅರ್ಧ ಗಂಟೆ, ಆ ಹೊತ್ತಿಗೆ ನಾನು ಗೋರೆಗಾಂವ್ ದಾಟಿರುತ್ತೇನೆ. ಸಂಜೆ ಅರ್ಧ ಗಂಟೆ ನಡೆ ಎಂದರು. ಸೊಸೈಟಿಯ ಕಾಂಪೌಂಡಿನಲ್ಲಿ ನಿಲ್ಲಿಸಿದ ಕಾರುಗಳನ್ನು ಸುತ್ತಿದೆ. ಅಲ್ಲಿ ನಡೆಯುವ ಹೆಂಗಸರೆಲ್ಲ ಸುತ್ತು ಎಣಿಸುತ್ತಿದ್ದರು. ನಾನು ಮಾತ್ರ ಇನ್ನು ಎಷ್ಟು ಹೊತ್ತಿಗೆ ಮಲಗಬಹುದು ಎಂದು ಎಣಿಸುತ್ತಿದ್ದೆ.

ಹದಿನೈದು ದಿನಕ್ಕೊಮ್ಮೆ ಅದೇ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಕೌನ್ಸೆಲರ್ ಹುಡುಗಿಯ ಜೊತೆ ಮುಕ್ಕಾಲು ಗಂಟೆ ಮಾತು. ಬಹಳ ಒಳ್ಳೆಯ ಹುಡುಗಿ. ಆಗ ನಿಮಗೆ ಹೇಗನ್ನಿಸಿತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಹಿಂದಿಯಲ್ಲೂ ಕೇಳುತ್ತಿದ್ದಳು. ನನಗೆ ಎರಡೂ ಭಾಷೆಯಲ್ಲಿ ಫಾರ್ಮು ತುಂಬಲು ಬರುತ್ತದೆ, ಸಂಕಟಪಡಲು ಬರುವುದಿಲ್ಲ. ಜೀವ ಹಳಹಳಿಸುತ್ತದೆ ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳಲಿ? ಬೇಜಾರು ಎಂಬ ಅರ್ಥದ ಮಾತು ಹೇಳಿದೆ, ಅವಳು ಅದನ್ನೇ ಬರೆದುಕೊಂಡಳು. ಒಂದು ದಿನ ಸುಸ್ತಾಗಿ ಕನ್ನಡದಲ್ಲೇ ಹೇಳತೊಡಗಿದೆ. ಅವಳಿಗೆ ಒಂದಕ್ಷರ ತಿಳಿಯದು. ಆದರೂ ತಡೆಯದೆ ಕೇಳಿಸಿಕೊಂಡಳು. ಅಂದೇ ನಾನು ಮೊದಲ ಸಲ ಅವಳೆದುರು ಅತ್ತದ್ದು. ಆಮೇಲೆ ಅದನ್ನೇ ಹಿಂದಿಗೆ ತಿರುಗಿಸಿ ಹೇಳುವುದು ನಮ್ಮ ಅಭ್ಯಾಸವಾಯಿತು.

ನಿಧಾನವಾಗಿ ಏನೋ ಸಡಿಲಾಗುತ್ತ ಬಂತು. ತಿಂಗಳ ಕೊನೆಗೆ ಅಂಧೇರಿಯಲ್ಲಿ ಏಳಲು ಮೂರು ಸಲ ಮನಸ್ಸಿನಲ್ಲೇ ಲೆಕ್ಕ ಹಾಕಬೇಕಾಗುತ್ತಿತ್ತು ಅಷ್ಟೆ, ನಾಲ್ಕನೆಯದಕ್ಕೆ ಎದ್ದೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದೂ ಅಷ್ಟೇ. ದಿನಾ ಬೆಳಿಗ್ಗೆ ಪಾರ್ಲೆಯಲ್ಲಿ ಇಳಿಯಬೇಕು, ಮತ್ತು ಇಳಿಯಲು ಏನು ನುಂಗುತ್ತಿದ್ದೇನೆಂಬುದು ಅತ್ತೆಗೆ ಗೊತ್ತಾಗಬಾರದು.

ಎರಡನೆಯ ತಿಂಗಳ ಪಟ್ಟಿಗಳು ಬಂದ ವಾರ, ಎದುರು ಮನೆಯ ಹಂಸಾಬೆನ್ ನಮ್ಮ ಅತ್ತೆಗೆ ಒಂದು ಜ್ಞಾನ ಕೊಟ್ಟರು. ಹಂಸಾಬೆನ್ ಜೈನರು, ಗಡ್ಡೆ ಗೆಣಸು ಮುಟ್ಟದವರು. ಅತ್ತೆಗೂ ಅವರಿಗೂ ಭಾಷೆ ಬೇರೆಯಾದರೂ, ಏನು ತಿನ್ನಬಾರದು ಎಂಬ ವಿಷಯದಲ್ಲಿ ಒಳ್ಳೆಯ ಸ್ನೇಹ. ಕ್ಯಾಪ್ಸೂಲಿನ ಮೇಲಿನ ಕವಚವನ್ನು ದನದ ಎಲುಬು, ಚರ್ಮ ಬೇಯಿಸಿ ಮಾಡುತ್ತಾರೆ, ಅದಕ್ಕೆ ತಾವು ವಿಟಮಿನ್ನನ್ನು ಬಿಡಿಸಿ ಒಳಗಿನದನ್ನಷ್ಟೇ ಬೆಲ್ಲದಲ್ಲಿ ತೆಗೆದುಕೊಳ್ಳುತ್ತೇವೆ ಎಂದು ಅವರು ಕೈಸನ್ನೆ ಸಮೇತ ವಿವರಿಸಿದರಂತೆ.

ಅಂದು ಸಂಜೆ ನಾನು ಮನೆಗೆ ಬಂದಾಗ ಊಟದ ಮೇಜಿನ ಮೇಲೆ ನೀಲಿ ಬಿಳಿ ಕವಚಗಳ ಒಂದು ಸಣ್ಣ ಗುಡ್ಡೆ. ಪಕ್ಕದಲ್ಲಿ ದೊಡ್ಡ ಡಬ್ಬಿ. ಡಬ್ಬಿಯಲ್ಲಿ ಶೇಂಗಾ ಉಂಡೆ.

ಅತ್ತೆಯ ಮುಖದಲ್ಲಿ ಕೆಲಸ ಮುಗಿಸಿದ ತೃಪ್ತಿಯಿತ್ತು. ‘ಅಂಗಿ ಕಳದೀನಿ ನೋಡು ಸವಿತಾ. ಎಲುಬಿನ ಅಂಗಿ ಅಂತ ಅದು. ಮೂವತ್ತು ಗುಳಿಗಿ, ಮೂವತ್ತು ಉಂಡಿ. ದಿನಾ ಒಂದ ತಿನ್ನು, ನಿನಗೂ ಉಣ್ಣಾಕ ಮನಸಿಲ್ಲ, ಎರಡೂ ಕೆಲಸ ಆಗತೈತಿ.’

ಒಳಗಿದ್ದದ್ದು ಪುಡಿಯಲ್ಲ, ಸಾಸಿವೆಗಿಂತ ಸಣ್ಣ ಕಾಳುಗಳು. ಅವು ಹಲ್ಲಿಗೆ ಸಿಗಬಾರದೆಂದು ಅತ್ತೆ ಕುಟ್ಟಾಣಿಯಲ್ಲಿ ಹಾಕಿ ನುಣ್ಣಗೆ ಕುಟ್ಟಿ, ಹುರಿದ ಶೇಂಗಾ, ಬೆಲ್ಲ, ಏಲಕ್ಕಿಯ ಜೊತೆ ಕಲೆಸಿದ್ದರು. ಯಾವ ಉಂಡೆಯಲ್ಲಿ ಎಷ್ಟು ಸೇರಿದೆಯೋ ಶಿವನೇ ಬಲ್ಲ.

ಆ ಕ್ಷಣ ನಾನು ಬಾಯಿ ಬಿಡಬೇಕಾಗಿತ್ತು. ವಿಟಮಿನ್ನಾಗಿದ್ದರೆ ಉಂಡೆಯಲ್ಲಿ ತಿಂದರೂ ನಡೆಯುತ್ತದೆ, ಇದು ವಿಟಮಿನ್ನಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ, ಹಾಗಾದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ಪಟ್ಟಿ ತಂದು ಕದ್ದು ನುಂಗಬಹುದಿತ್ತು. ಅದಕ್ಕೆ ಮತ್ತೆ ಡಾಕ್ಟರಮ್ಮನ ಚೀಟಿ, ಮತ್ತೆ ಮಲಾಡು, ಮತ್ತೆ ವಿವರಣೆ. ನಿಮಗೆ ಇದು ದೊಡ್ಡ ಕೆಲಸವೆನಿಸಲಿಕ್ಕಿಲ್ಲ. ಆಗ ನನಗೆ ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವಾಗಿತ್ತು. ಔಷಧಿ ಹೊಟ್ಟೆಗೆ ಹೋದರಾಯಿತಲ್ಲ, ಯಾವ ಗಾಡಿಯಲ್ಲಿ ಹೋದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಮೊದಲ ಉಂಡೆ ತಿಂದೆ. ಬೆಲ್ಲದ ಹಿಂದೆ ಒಂದು ಕಹಿ ಬಂತು, ನಾಲಿಗೆ ಸ್ವಲ್ಪ ಜೋಮು ಹಿಡಿಯಿತು. ಅತ್ತೆ, ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

ಹೊಟ್ಟೆ ಒಪ್ಪದ ದಿನ ಉಂಡೆಯನ್ನು ರೈಲಿನಲ್ಲಿ ತಿನ್ನೋಣವೆಂದು ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಅದು ಇನ್ನೊಂದು ಪಜೀತಿ. ನಮ್ಮ ಹೆಂಗಸರ ಡಬ್ಬಿಯಲ್ಲಿ ಯಾರೂ ಒಬ್ಬರೇ ತಿನ್ನುವುದಿಲ್ಲ. ಮಲಾಡಿನಲ್ಲಿ ಹತ್ತುವವಳು ಪೋಹೆ ತಂದರೆ ಜೋಗೇಶ್ವರಿಯೊಳಗೆ ಖಾಲಿ. ಹತ್ತು ವರ್ಷದಿಂದ ಅವರ ಇಡ್ಲಿ, ಥೇಪ್ಲಾ, ಹೋಳಿಗೆ ತಿಂದ ನಾನು ಈಗ ಬೆನ್ನು ತಿರುಗಿಸಿ, ಸೆರಗಿನ ಮರೆಯಲ್ಲಿ, ಒಂದೇ ಒಂದು ಉಂಡೆಯನ್ನು ಕಳ್ಳಿಯ ಹಾಗೆ ತಿನ್ನತೊಡಗಿದೆ. ಪಕ್ಕದ ವೈಶಾಲಿ ಕೈಚಾಚಿ ಕೇಳಿಯೇಬಿಟ್ಟಳು. ಕೊಡುವುದಿಲ್ಲ ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಂದಿನಿಂದ ನನಗೆ ಜಿಪುಣಿ ಎಂಬ ಹೆಸರು ಬಂತು, ಅದು ಇನ್ನೂ ಪೂರ್ತಿ ಹೋಗಿಲ್ಲ.

ಕೆಲವು ಉಂಡೆ ತಿಂದ ದಿನ ಕೈ ನಡುಗಿ, ಬೆವರು ಬಂದು, ಹೊಟ್ಟೆ ತೊಳೆಸುತ್ತಿತ್ತು. ಕೆಲವು ಉಂಡೆ ತಿಂದ ದಿನ ಏನೂ ತಿನ್ನದವಳಂತೆ, ತಲೆಯೊಳಗೆ ಯಾರೋ ದೀಪದ ಗುಂಡಿ ಒತ್ತಿ ಒತ್ತಿ ಬಿಡುತ್ತಿದ್ದಾರೆ ಅನಿಸುತ್ತಿತ್ತು. ಎಂಟನೆಯ ದಿನ ಅಂಧೇರಿಯಲ್ಲಿ ಎದ್ದವಳು ಕಣ್ಣು ಕತ್ತಲಿಟ್ಟು ಮತ್ತೆ ಕೂತೆ. ಪಾರ್ಲೆ ಹೋಯಿತು. ಸಾಂತಾಕ್ರೂಜ್‌ನಲ್ಲಿ ಹೇಗೋ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಇನ್ನು ನಾನು ವಾಸಿಯಾಗುವುದಿಲ್ಲ ಎಂದು ತೀರ್ಮಾನಿಸಿದೆ. ತೀರ್ಮಾನಕ್ಕೆ ದುಃಖವೂ ಆಗಲಿಲ್ಲ. ಅಷ್ಟು ದಣಿದಿದ್ದೆ. ಗುಳಿಗೆಯನ್ನು ಬೈದೆ, ಡಾಕ್ಟರಮ್ಮನನ್ನು ಬೈದೆ, ಉಂಡೆಯ ಮೇಲೆ ಮಾತ್ರ ಸಂಶಯ ಬರಲಿಲ್ಲ. ಮನೆಯ ಶೇಂಗಾ ಉಂಡೆ ಕೇಡು ಮಾಡುತ್ತದೆಂದು ನಂಬಲು ನಮ್ಮ ಕಡೆಯವರಿಗೆ ಸಾಧ್ಯವೇ ಇಲ್ಲ.

ಮುಂದಿನ ರವಿವಾರ ಮಧ್ಯಾಹ್ನ. ಮೇಘಾ ಹತ್ತನೆಯ ಪರೀಕ್ಷೆಗೆ ಓದುತ್ತ ಹಾಲ್‌ನಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಯಜಮಾನರು ಗೆಳೆಯರೊಬ್ಬರ ಮನೆಗೆ ಹೋಗಿದ್ದರು. ನಾನು ಒಗೆದ ಬಟ್ಟೆ ಮಡಿಚುತ್ತಿದ್ದೆ, ಅಂದರೆ ಒಂದು ಟವೆಲ್ಲು ಹಿಡಿದು ಸುಮ್ಮನೆ ಕೂತಿದ್ದೆ. ಅತ್ತೆ ಅಡಿಗೆಮನೆಯಿಂದ ಬಂದು ಮೊಮ್ಮಗಳ ಕೈಗೆ ಒಂದು ಉಂಡೆ ಕೊಟ್ಟರು.

ನಾನು ಯಾವಾಗ ಎದ್ದೆ, ಆ ವೇಗ ಎಲ್ಲಿಂದ ಬಂತು, ತಿಳಿಯದು. ಉಂಡೆ ಅವಳ ತುಟಿಯ ಹತ್ತಿರವಿತ್ತು. ಅವಳ ಕೈಗೆ ಹೊಡೆದೆ. ಅದು ಉರುಳಿ ಸೋಫಾದ ಕೆಳಗೆ ಹೋಯಿತು. ಹದಿನೈದು ವರ್ಷದಲ್ಲಿ ನಾನು ಮಗಳ ಮೇಲೆ ಕೈ ಎತ್ತಿದ್ದು ಅದೇ ಮೊದಲು.

‘ಮಮ್ಮಿ, ಕ್ಯಾ ಹುವಾ? ಅಜ್ಜಿ ಕೊಟ್ಟಿದ್ದು... ಶಕ್ತಿ ಕಾ ಹೈ, ಅಂತ’ ಎಂದು ಮೇಘಾ ಕೈ ಹಿಡಿದುಕೊಂಡು ತೊದಲಿದಳು.

‘ಅದು ವಿಟಮಿನ್ ಅಲ್ಲರಿ ಅತ್ತೀ’ ಎಂದೆ. ‘ಹುಚ್ಚಿನ ಗುಳಿಗಿ. ನಂದು.’

ಯಾರೂ ಕೇಳದೆಯೇ ಆ ಕೆಟ್ಟ ಮಾತನ್ನು ನಾನೇ ಆರಿಸಿಕೊಂಡೆ. ಬೇರೆಯವರು ಅನ್ನುವ ಮೊದಲು ನಾನೇ ಅಂದುಬಿಟ್ಟರೆ ನೋವು ಕಡಿಮೆಯಾದೀತು ಎಂದಿತ್ತೇನೋ. ಆಗಲಿಲ್ಲ. ಟವೆಲ್ಲಿನಲ್ಲಿ ಮುಖ ಮುಚ್ಚಿ ಗಟ್ಟಿಯಾಗಿ ಅತ್ತುಬಿಟ್ಟೆ. ಚರ್ಚ್‌ಗೇಟಿನ ಕಥೆ, ಮಲಾಡಿನ ಕಥೆ, ಅಂಧೇರಿಯಲ್ಲಿ ಏಳಲಾಗದ್ದು, ಎಲ್ಲವೂ ಹಿಂದು ಮುಂದಾಗಿ ಹೊರಬಂತು. ಮೊದಲು ಸಾವರಿಸಿಕೊಂಡವಳು ಮೇಘಾ. ಹುಚ್ಚು ಅನ್ನಬೇಡ, ಡಿಪ್ರೆಶನ್ ಅನ್ನು, ನನ್ನ ಕ್ಲಾಸಿನಲ್ಲೇ ಇಬ್ಬರು ಹುಡುಗಿಯರು ಇದಕ್ಕೆ ಔಷಧಿ ತಗೊಳ್ತಾರೆ, ಇದನ್ನು ಮುಚ್ಚಿಡಲು ಇಷ್ಟು ಕಷ್ಟಪಟ್ಟೆಯಾ ಎಂದು ಅರ್ಧ ಹಿಂದಿಯಲ್ಲಿ ನನ್ನನ್ನೇ ಗದರಿಸಿದಳು. ಆಮೇಲೆ ಫೋನಿನಲ್ಲಿ ಆ ಕ್ಯಾಪ್ಸೂಲಿನ ಹೆಸರು ಹುಡುಕಿ, ಇದನ್ನು ಬಿಚ್ಚಬಾರದು, ಕುಟ್ಟಬಾರದು, ಕಾಳುಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗಬೇಕು ಎಂದು ಓದಿ ಹೇಳಿದಳು. ಕ್ಲಿನಿಕ್ಕಿಗೂ ಅವಳೇ ಫೋನು ಮಾಡಿದಳು. ಉಂಡೆ ಇಂದಿಗೇ ನಿಲ್ಲಿಸಿ, ನಾಳೆ ಬೆಳಿಗ್ಗೆ ಮೊದಲು ಇಲ್ಲಿಗೆ ಬನ್ನಿ ಎಂದರಂತೆ.

ಅತ್ತೆ ಕೊನೆಗೆ ಒಂದೇ ಮಾತು ಕೇಳಿದರು. ‘ನಾ ಕುಟ್ಟಿದ್ದಕ್ಕ ನಿನಗ ತ್ರಾಸ ಆತೇನು?’ ನಾನು ಸುಳ್ಳು ಹೇಳಬಹುದಿತ್ತು. ಸಾಕಾಗಿತ್ತು. ಹೌದು ಎಂದೆ.

ಅವರು ಎದ್ದು ಅಡಿಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದು ಬಂತು. ಹೋಗಿ ನೋಡಿದರೆ, ಉಳಿದ ಹದಿನೆಂಟು ಉಂಡೆಗಳನ್ನು ಒಂದೊಂದಾಗಿ ಕೈಯಲ್ಲಿ ಪುಡಿ ಮಾಡಿ ನೀರಿಗೆ ಬಿಡುತ್ತಿದ್ದರು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಇಡೀ ದಿನ ಮಾತಾಡಿಸದ ಹೆಂಗಸು. ಕಸಕ್ಕೆ ಹಾಕಿದರೆ ನಾಯಿಯೋ ಕಾಗೆಯೋ ತಿಂದೀತೆಂದು ಅವರಿಗೆ ಭಯ. ನಾನು ಪಕ್ಕದಲ್ಲಿ ನಿಂತೆ. ಅವರಿಗೆ ಸಿಟ್ಟೋ ಅವಮಾನವೋ ಗೊತ್ತಾಗಲಿಲ್ಲ. ಇನ್ನು ಫೋನು ಹಿಡಿಯುತ್ತಾರೆ ಎಂದೇ ನಾನು ಕಾಯುತ್ತಿದ್ದೆ.

‘ನನಗೊಬ್ಬಾಕಿ ತಂಗಿ ಇದ್ಲು’ ಎಂದರು. ನನ್ನ ಕಡೆ ತಿರುಗಲಿಲ್ಲ.

ಮದುವೆಯಾಗಿ ಹತ್ತೊಂಬತ್ತು ವರ್ಷ. ಆ ಮನೆಯ ಸತ್ತವರ, ಇದ್ದವರ, ಹುಟ್ಟಲಿರುವವರ ಹೆಸರೆಲ್ಲ ನನಗೆ ಬಾಯಿಪಾಠ. ಈ ತಂಗಿಯ ಸುದ್ದಿ ಒಂದು ದಿನವೂ ಬಂದಿರಲಿಲ್ಲ. ಹೆಸರು ನೀಲವ್ವ. ಚೊಚ್ಚಲ ಹೆರಿಗೆಯಾದ ಮೇಲೆ ಮಾತು ಬಿಟ್ಟಳಂತೆ. ಮಗು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಗಂಡನ ಮನೆಯವರು ತಂದು ತವರಿನಲ್ಲಿ ಬಿಟ್ಟು ಹೋದರು. ಆಗ ಅತ್ತೆ ತಮ್ಮ ಬಾಣಂತನಕ್ಕೆಂದು ಅದೇ ಮನೆಯಲ್ಲಿದ್ದರು. ಹೊಟ್ಟೆಯಲ್ಲಿ ನನ್ನ ಯಜಮಾನರಿದ್ದರು. ಇಷ್ಟನ್ನು ಹೇಳುವ ಹೊತ್ತಿಗೆ ನಾಲ್ಕು ಉಂಡೆ ಕರಗಿ ಹೋಗಿದ್ದವು.

‘ಭಸ್ಮ ತಿನಿಸಿದ್ವಿ. ಬೇವಿನ ರಸ ಕುಡಿಸಿದ್ವಿ. ಬೆಲ್ಲದಾಗ ಕಲಸಿ ಯಾರ್‍ಯಾರೋ ಕೊಟ್ಟ ಬೇರು ತಿನಿಸಿದ್ವಿ. ಊರ ಡಾಕ್ಟರ್ ಒಬ್ಬಾಂವ ಬಂದು, ಧಾರವಾಡದ ಹುಚ್ಚರ ದವಾಖಾನಿಗೆ ಒಯ್ರಿ, ಇದಕ್ಕ ಗುಳಿಗಿ ಅದಾವ ಅಂದ. ಅಪ್ಪ ಗಾಡಿ ಹೂಡಾಕ ಹೊಂಟಿದ್ದ. ಬ್ಯಾಡ ಅಂದಾಕಿ ನಾನ. ಅಲ್ಲಿಗೆ ಒಯ್ದ್ರ ಮನಿ ಹೆಸರ ಕೆಡತೈತಿ, ನನ್ನ ಗಂಡನ ಮನ್ಯಾಗ ನನ್ನೂ ಹಂಗ ನೋಡ್ತಾರ ಅಂದೆ. ಎಲ್ಲಾ ತಿನಿಸಿದ್ವಿ ಸವಿತಾ. ಗುಳಿಗಿ ಒಂದ ತಿನಿಸಲಿಲ್ಲ.’

ಆಕೆ ಏನಾದಳು ಎಂದು ನಾನು ಕೇಳಲಿಲ್ಲ. ಆ ವರ್ಷದ ಬೇಸಿಗೆ ದಾಟಲಿಲ್ಲ ಎಂದು ಅವರೇ ಹೇಳಿದರು. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ, ಮಗುವನ್ನು ಗಂಡನ ಮನೆಯವರು ಒಯ್ದರು. ಕೊನೆಯ ಉಂಡೆ ಕರಗಿದ ಮೇಲೂ ಅತ್ತೆ ನಲ್ಲಿ ನಿಲ್ಲಿಸಲಿಲ್ಲ. ನಾನೇ ಕೈ ಚಾಚಿ ನಿಲ್ಲಿಸಿದೆ. ಅವರ ಹೆಗಲು ಮುಟ್ಟಬೇಕೆನಿಸಿತು. ನಮ್ಮಲ್ಲಿ ಅಂಥ ರೂಢಿಯಿಲ್ಲದ್ದರಿಂದ ಸುಮ್ಮನೆ ಪಕ್ಕದಲ್ಲಿ ನಿಂತು ಡಬ್ಬಿ ತೊಳೆದೆ.

ಮರುದಿನ ಕ್ಲಿನಿಕ್ಕಿಗೆ ನಾನೂ ಬರುತ್ತೇನೆಂದು ಅತ್ತೆ ಹಟ ಹಿಡಿದರು. ಇರಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಲಾಡಿನ ಆ ಕಾಯುವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಡಾಕ್ಟರಮ್ಮ ನನ್ನ ರಕ್ತದೊತ್ತಡ ನೋಡಿ, ಉಂಡೆಯ ವೃತ್ತಾಂತವನ್ನೆಲ್ಲ ಕೇಳಿ, ಒಂದು ನಿಮಿಷ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯಲಿಲ್ಲ. ದೊಡ್ಡ ಅಪಾಯವಾಗಿಲ್ಲ, ಆದರೆ ಈ ಹನ್ನೊಂದು ದಿನ ಲೆಕ್ಕಕ್ಕಿಲ್ಲ, ನಾಳೆಯಿಂದ ಮತ್ತೆ ಶುರು ಎಂದರು. ಕವಚ ಯಾವುದರದ್ದೆಂದು ಕೇಳು ಎಂದು ಅತ್ತೆ ನನಗೆ ಹೇಳಿದರು. ನಾನು ಹಿಂದಿಯಲ್ಲಿ ಕೇಳಿದೆ. ಪ್ರಾಣಿಯದ್ದೇ, ಇದರಲ್ಲಿ ಸಸ್ಯದ ಕವಚ ಸಿಗುವುದು ಕಷ್ಟ, ನಿಮಗೆ ಬೇಡವೆನಿಸಿದರೆ ಬೇರೆ ಗುಳಿಗೆಗೆ ಬದಲಿಸೋಣ, ಆದರೆ ನಿಮಗೆ ಇದು ಒಗ್ಗುತ್ತಿತ್ತು ಎಂದು ಡಾಕ್ಟರಮ್ಮ ನಿಜವನ್ನೇ ಹೇಳಿದರು. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದೆ. ಡಾಕ್ಟರಮ್ಮ ಸದ್ಯಕ್ಕೆ ಅದನ್ನೇ ಬರೆದುಕೊಟ್ಟರು, ಕೆಳಗಿನ ಅಂಗಡಿಯಲ್ಲಿ ಹೊಸ ಪಟ್ಟಿ ಕೊಂಡೆವು. ಅತ್ತೆ ರಿಕ್ಷಾದಲ್ಲಿ ಮನೆಯ ತನಕ ಹೊರಗೆ ನೋಡುತ್ತ ಬಂದರು.

ಬೇರೆಯದಕ್ಕೆ ಬದಲಿಸಿಕೊಂಡು ಬಿಡೋಣವೇ ಎಂದು ಆ ದಿನವೆಲ್ಲ ಯೋಚಿಸಿದೆ. ಮತ್ತೆ ಮೊದಲಿನಿಂದ, ಮತ್ತೆ ಆರು ವಾರ ಕಾಯುವುದು, ಮತ್ತೆ ಚರ್ಚ್‌ಗೇಟಿನ ತನಕ ಹೋಗಿ ಬರುವುದು. ನೆನೆದೇ ಸುಸ್ತಾಯಿತು. ಆದರೆ ಲಿಂಗ ಕಟ್ಟಿದ ಆ ಹಿರಿಯರೆದುರು ದಿನಾ ಬೆಳಿಗ್ಗೆ ಎಲುಬಿನ ಅಂಗಿಯನ್ನು ಹೇಗೆ ನುಂಗಲಿ?

ಮರುದಿನ ಬೆಳಿಗ್ಗೆ ಅತ್ತೆಯ ಪೂಜೆ ಎಂದಿಗಿಂತ ಬೇಗ ಮುಗಿಯಿತು. ನಾನು ಅಡಿಗೆಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದೆ. ಅವರು ಬಂದರು. ಬೆರಳುಗಳಲ್ಲಿ ವಿಭೂತಿ ಇನ್ನೂ ಆರಿರಲಿಲ್ಲ. ಎಡಗೈಯಲ್ಲಿ ನೀರಿನ ಲೋಟ, ಬಲಗೈಯ ಅಂಗೈ ನಡುವೆ ಕ್ಯಾಪ್ಸೂಲು, ಇಡಿಯಾಗಿ, ನೀಲಿ ಬಿಳಿ ಅಂಗಿ ಸಮೇತ. ತಾವೇ ಪಟ್ಟಿಯಿಂದ ಒತ್ತಿ ತೆಗೆದು ತಂದಿದ್ದರು.

ನಾನು ಅವರ ಮುಖ ನೋಡಿದೆ.

‘ಎಲುಬಾದ್ರ ಎಲುಬಾಗ್ಲಿ’ ಎಂದರು. ‘ನುಂಗು.’

ನುಂಗಿದೆ. ಗಂಟಲಿನಿಂದ ಅದು ಇಳಿಯುವ ತನಕ ಅವರು ನನ್ನ ಎದುರಿಗೇ ನಿಂತಿದ್ದರು. ಆಮೇಲೆ ಲೋಟ ಕೆಳಗಿಟ್ಟು, ಆ ಕೈಯನ್ನು ತೊಳೆಯದೆಯೇ, ಜೋಳದ ಹಿಟ್ಟು ನಾದಲು ಕೂತರು.